ಸಪ್ತಾಪುರದ ಭಾನುವಾರದ ಕ್ಲಾಸ್: ಅಮೆರಿಕನ್ ಲಿಟರೇಚರ್ ಕಲಿಯೋಕೆ ಹೋಗಬಹುದಾ?

ಕೆ-ಸೆಟ್‌ಗೆ (ಕಾಲೇಜಿನಲ್ಲಿ ಪಾಠ ಮಾಡಲು ಬೇಕಾದ ರಾಜ್ಯದ ಅರ್ಹತಾ ಪರೀಕ್ಷೆ) ಇಂಗ್ಲಿಷ್ ತಗೊಂಡವರ ದೊಡ್ಡ ತಲೆನೋವು ಅಮೆರಿಕನ್ ಲಿಟರೇಚರ್. ಬ್ರಿಟಿಷ್ ಸಾಹಿತ್ಯ ಬಿ.ಎ.ಯಿಂದಲೇ ಕಿವಿಗೆ ಬಿದ್ದಿರುತ್ತದೆ. ಶೇಕ್ಸ್‌ಪಿಯರ್, ವರ್ಡ್ಸ್‌ವರ್ತ್, ಡಿಕನ್ಸ್ ಅಂದರೆ ಏನೋ ಒಂದು ಚಿತ್ರ ಕಣ್ಣಮುಂದೆ ಬರುತ್ತದೆ. ಟ್ರಾನ್ಸೆಂಡೆಂಟಲಿಸಂ, ನ್ಯಾಚುರಲಿಸಂ, ಇಮೇಜಿಸಂ, ಹಾರ್ಲೆಮ್ ರೆನೈಸಾನ್ಸ್, ಕನ್ಫೆಷನಲ್ ಪೊಯೆಟ್ರಿ ಅಂದರೆ ಮಾತ್ರ ಬರೀ ಹೆಸರುಗಳು. ಎರಡನೇ ಪೇಪರ್‌ನಲ್ಲಿ ನೂರು ಪ್ರಶ್ನೆ, ಒಂದೊಂದಕ್ಕೆ ಎರಡು ಅಂಕ. ಹೊಂದಿಸಿ, ಕಾಲಾನುಕ್ರಮದಲ್ಲಿ ಜೋಡಿಸಿ ಅನ್ನುವ ಕಡೆ ಇವೇ ಹೆಸರುಗಳು ಬಂದು ಕೂರುತ್ತವೆ.

ಧಾರವಾಡದ ಸಪ್ತಾಪುರದಲ್ಲಿ ನಿವೃತ್ತ ಪ್ರಾಧ್ಯಾಪಕರೊಬ್ಬರು ಬರೀ ಅಮೆರಿಕನ್ ಸಾಹಿತ್ಯಕ್ಕಂತಲೇ ಭಾನುವಾರದ ಕ್ಲಾಸ್ ನಡೆಸುತ್ತಾರೆ. ಅವರಿಗೆ ಪ್ರಚಾರ ಇಷ್ಟವಿಲ್ಲ, ಹಾಗಾಗಿ ಹೆಸರು ಬರೆಯುತ್ತಿಲ್ಲ. ಸರ್ ಅಂತಲೇ ಕರೆಯುತ್ತೇನೆ. ಹತ್ತು ಭಾನುವಾರ, ಬೆಳಿಗ್ಗೆ ಹತ್ತರಿಂದ ಒಂದೂವರೆ. ಫೀ ಮೂರು ಸಾವಿರ, ಎರಡು ಕಂತಲ್ಲಿ ಕೊಡಬಹುದು. ನಾನು ಗದಗಿನ ಹತ್ತಿರದ ಸರ್ಕಾರಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಓದಿದ್ದು ಕನ್ನಡ ಮೀಡಿಯಂ, ಎಂ.ಎ. ಮಾಡಿದ್ದು ನೌಕರಿ ಮಾಡುತ್ತಲೇ. ನನ್ನಂಥವರು ತುಂಬಾ ಜನ ಇದ್ದೀರಿ. ಇಡೀ ಬ್ಯಾಚ್ ಮುಗಿಸಿ ಬಂದ ಮೇಲೆ ನನಗೆ ಅನ್ನಿಸಿದ್ದನ್ನು ನಿಮಗಾಗಿ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ: ಹೋಗಿ. ಈ ಭಾಗದಲ್ಲಿ ಇದಕ್ಕಿಂತ ಚೆನ್ನಾಗಿ ಈ ವಿಷಯ ಕಲಿಸುವವರನ್ನು ನಾನು ನೋಡಿಲ್ಲ. ಒಂದು ದೊಡ್ಡ ಕೊರತೆಯೂ ಇದೆ. ಅದನ್ನೂ ಸರಿಯಾಗಿ ಬರೆಯುತ್ತೇನೆ, ಯಾಕೆಂದರೆ ಅದು ಸರಿಹೋದರೆ ಈ ಕ್ಲಾಸ್‌ಗೆ ಸಾಟಿಯೇ ಇರುವುದಿಲ್ಲ.

ಹೋಗಿ ಬರುವ ವಿಷಯ ಬೇಗ ಮುಗಿಸುತ್ತೇನೆ. ಗದಗದಿಂದ ಬೆಳಗಿನ ರೈಲಿಗೆ ಹುಬ್ಬಳ್ಳಿ, ಅಲ್ಲಿಂದ ಚಿಗರಿ ಬಸ್ಸಿಗೆ ಧಾರವಾಡದ ಜುಬಿಲಿ ಸರ್ಕಲ್, ಅಲ್ಲಿಂದ ಆಟೋ. ಹಾವೇರಿಯಿಂದ ಬರುವವರೂ ಹುಬ್ಬಳ್ಳಿಯಲ್ಲೇ ಚಿಗರಿ ಹತ್ತುತ್ತಾರೆ. ಕ್ಲಾಸ್ ಇರುವುದು ಒಂದು ಮನೆಯ ಮೊದಲ ಮಹಡಿಯ ಉದ್ದನೆಯ ಕೋಣೆಯಲ್ಲಿ. ಬೆಂಚು, ಒಂದು ವೈಟ್‌ಬೋರ್ಡ್, ಎರಡು ಫ್ಯಾನ್. ಪ್ರೊಜೆಕ್ಟರ್ ಇಲ್ಲ. ಹನ್ನೊಂದೂವರೆಗೆ ಕೆಳಗಿನ ಅಂಗಡಿಯಿಂದ ಚಹಾ ಬರುತ್ತದೆ, ಅದು ಫೀಯಲ್ಲೇ ಸೇರಿದೆ. ಮಧ್ಯಾಹ್ನದ ಊಟಕ್ಕೆ ಹತ್ತಿರದಲ್ಲೇ ಖಾನಾವಳಿ ಇದೆ, ರೊಟ್ಟಿ ಬಿಸಿ ಇರುತ್ತದೆ.

ಇನ್ನು ಪಾಠ. ಇದಕ್ಕೂ ಮುಂಚೆ ನಾನು ಬೇರೊಂದು ಕಡೆ ಆನ್‌ಲೈನ್ ಕೋರ್ಸ್‌ಗೆ ದುಡ್ಡು ಕಟ್ಟಿದ್ದೆ. ಅಲ್ಲಿ ಒಂದೊಂದು ಚಳವಳಿಗೂ ಒಂದು ಸ್ಲೈಡ್. ರೊಮ್ಯಾಂಟಿಸಿಸಂ: ಭಾವನೆ, ಪ್ರಕೃತಿ, ವ್ಯಕ್ತಿ. ಟ್ರಾನ್ಸೆಂಡೆಂಟಲಿಸಂ: ಪ್ರಕೃತಿ, ವ್ಯಕ್ತಿ, ಅಂತಃಪ್ರಜ್ಞೆ. ರಿಯಲಿಸಂ: ಸಾಮಾನ್ಯ ಜೀವನ. ನ್ಯಾಚುರಲಿಸಂ: ಸಾಮಾನ್ಯ ಜೀವನ, ಆದರೆ ಕಷ್ಟ ಜಾಸ್ತಿ. ಹೀಗೆ ಓದಿದರೆ ಒಂದರ ಲಕ್ಷಣ ಇನ್ನೊಂದರ ಮೈಮೇಲೆ ಬರುತ್ತದೆ. ಪರೀಕ್ಷೆಯಲ್ಲಿ ನಾಲ್ಕೂ ಆಯ್ಕೆ ಸರಿ ಅನ್ನಿಸುತ್ತವೆ.

ಸಪ್ತಾಪುರದ ಸರ್ ಲಕ್ಷಣಗಳ ಪಟ್ಟಿ ಕೊಡುವುದೇ ಇಲ್ಲ. ಪ್ರತಿ ಚಳವಳಿಗೂ ಎರಡೇ ಕೆಲಸ. ಮೊದಲು, ಇವರು ಯಾರ ಜೊತೆ ಜಗಳ ತೆಗೆದರು ಅನ್ನೋದು. ಆಮೇಲೆ ಆ ಬರವಣಿಗೆಯ ಒಂದು ಪುಟ, ಎಲ್ಲರೂ ಸೇರಿ, ಸಾಲು ಸಾಲಾಗಿ. ಇಷ್ಟೇ. ಆದರೆ ಒಂದು ದಿನ ಬಿಟ್ಟರೆ ಹತ್ತು ವಾರವೂ ಇದನ್ನು ಅವರು ಮಾಡಿದರು.

ಟ್ರಾನ್ಸೆಂಡೆಂಟಲಿಸಂನ ಮುಂದಾಳು ಎಮರ್ಸನ್‌ನ ಪಾಠ ನೋಡಿ. 1832ರಲ್ಲಿ ಆತ ಬಾಸ್ಟನ್ನಿನ ತನ್ನ ಚರ್ಚಿನ ಕೆಲಸ ಬಿಟ್ಟ. 1836ರಲ್ಲಿ ‘ನೇಚರ್’ ಬಂತು, ಅದೇ ವರ್ಷ ಗೆಳೆಯರೆಲ್ಲ ಸೇರಿ ಟ್ರಾನ್ಸೆಂಡೆಂಟಲ್ ಕ್ಲಬ್ ಶುರು ಮಾಡಿದರು. 1838ರಲ್ಲಿ ಹಾರ್ವರ್ಡ್‌ನ ಡಿವಿನಿಟಿ ಸ್ಕೂಲಿನಲ್ಲೇ ನಿಂತು, ಪಾದ್ರಿ ಆಗಲು ಹೊರಟ ಹುಡುಗರ ಎದುರಿಗೇ, ಚರ್ಚು ಹೇಳಿದ್ದನ್ನು ಸುಮ್ನೆ ಒಪ್ಪಬೇಡಿ, ದೇವರನ್ನು ನೀವೇ ನೇರವಾಗಿ ಕಾಣಿ ಅಂದ. ಆಮೇಲೆ ಸುಮಾರು ಮೂವತ್ತು ವರ್ಷ ಹಾರ್ವರ್ಡ್ ಅವನನ್ನು ಮತ್ತೆ ಭಾಷಣಕ್ಕೆ ಕರೆಯಲಿಲ್ಲ. ಇಷ್ಟು ಕೇಳಿದ ಮೇಲೆ ‘ಅಂತಃಪ್ರಜ್ಞೆ’ ಅನ್ನೋದನ್ನು ಯಾರೂ ಬಾಯಿಪಾಠ ಮಾಡಬೇಕಿಲ್ಲ ಅಲ್ವಾ? ಆ ಮಾತಿಗೆ ಅವನು ಕೊಟ್ಟ ಬೆಲೆ ಗೊತ್ತಾದರೆ ಮಾತೂ ನೆನಪಿರುತ್ತದೆ.

ಕಾಂಕರ್ಡ್ ಅನ್ನೋ ಸಣ್ಣ ಊರನ್ನು ಸರ್ ಬೋರ್ಡಿನ ಮೇಲೆ ಬರೆದರು. ಎಮರ್ಸನ್ ಮನೆ, ಥೋರೋ ಓಡಾಡಿದ ಕಾಡು, ಹಾಥಾರ್ನ್ ಬಾಡಿಗೆಗಿದ್ದ ಮನೆ, ಅಲ್ಕಾಟ್ ಕುಟುಂಬ. ಎಲ್ಲ ನಡೆದು ಹೋಗುವಷ್ಟು ದೂರ. ಆಮೇಲೆ ನಮ್ಮ ಕಡೆ ತಿರುಗಿ, “ಇದೇನ ನಿಮಗ ಹೊಸಾದೇನಲ್ಲ. ಬೇಂದ್ರೆಯವರ ಗೆಳೆಯರ ಗುಂಪು ಇದ ಊರಾಗ ಇತ್ತಲ್ಲ. ಸಾಧನಕೇರಿಗೆ ಹೋಗಿ ನೋಡ್ರಿ, ಇಲ್ಲಿಂದ ಎಷ್ಟು ದೂರ ಐತಿ?” ಅಂದರು. ಒಂದು ಊರು, ನಾಲ್ಕು ಮಂದಿ ಗೆಳೆಯರು, ಒಂದು ಪತ್ರಿಕೆ. ಅಲ್ಲಿ ಆ ಪತ್ರಿಕೆ ‘ದಿ ಡಯಲ್’, 1840ರಲ್ಲಿ ಶುರುವಾಗಿದ್ದು. ಮೊದಲ ಸಂಪಾದಕಿ ಮಾರ್ಗರೆಟ್ ಫುಲ್ಲರ್, ಒಬ್ಬ ಹೆಣ್ಣುಮಗಳು. ಇದನ್ನು ಸರ್ ಎರಡು ಸಲ ಒತ್ತಿ ಹೇಳಿದರು.

ಥೋರೋ ಪಾಠ ನನಗೆ ಇಡೀ ಕೋರ್ಸಿನಲ್ಲಿ ಅತ್ಯಂತ ಇಷ್ಟವಾಗಿದ್ದು. ಕಾಡಿಗೆ ಹೋದ, ಪ್ರಕೃತಿಯಲ್ಲಿ ಲೀನವಾದ ಅಂತ ನಾವೆಲ್ಲ ಬರೆದು ಅಂಕ ತಗೊಂಡಿದ್ದೇವೆ. ಸರ್ ಕೊಟ್ಟ ಪುಟ ಖರ್ಚಿನ ಲೆಕ್ಕ! ‘ವಾಲ್ಡನ್’ ಪುಸ್ತಕದ ಮೊದಲ ಅಧ್ಯಾಯದಲ್ಲಿ ಥೋರೋ ತನ್ನ ಮನೆ ಕಟ್ಟಿದ ಲೆಕ್ಕ ಕೊಡುತ್ತಾನೆ. ಹಲಗೆಗೆ ಎಂಟು ಡಾಲರ್ ಮೂರೂವರೆ ಸೆಂಟ್, ಮೊಳೆಗೆ ಮೂರು ಡಾಲರ್ ತೊಂಬತ್ತು ಸೆಂಟ್, ಹೀಗೆ ಕೂಡಿಸುತ್ತಾ ಹೋಗಿ ಒಟ್ಟು 28 ಡಾಲರ್ ಹನ್ನೆರಡೂವರೆ ಸೆಂಟ್. ಅರ್ಧ ಸೆಂಟನ್ನೂ ಬಿಟ್ಟಿಲ್ಲ. ಯಾಕೆ ಇಷ್ಟು ಲೆಕ್ಕ ಅಂತ ಸರ್ ಕೇಳಿದರು. ಯಾರೂ ಉತ್ತರ ಕೊಡಲಿಲ್ಲ. ಕೊನೆಗೆ ಒಬ್ಬಳು ಹುಡುಗಿ, “ಊರಿನವರು ಜನ್ಮವಿಡೀ ಸಾಲ ತೀರಿಸಾಕ ದುಡೀತಾರ, ನಾನು ಇಷ್ಟರಾಗ ಮನಿ ಕಟ್ಟೀನಿ ಅಂತ ತೋರಸಾಕ ಏನ್ರಿ ಸರ್?” ಅಂದಳು. ಅದೇ ಉತ್ತರ. ಜಗಳ ಇರುವುದು ಊರಿನ ವ್ಯಾಪಾರದ ಬುದ್ಧಿಯ ಜೊತೆ, ಅದಕ್ಕೇ ಅವನು ವ್ಯಾಪಾರಿಯ ಖಾತೆ ಪುಸ್ತಕದ ಭಾಷೆಯಲ್ಲೇ ಉತ್ತರ ಕೊಡುತ್ತಾನೆ. ಕಾಡಿಗೆ ಹೋಗಿದ್ದು 1845ರ ಜುಲೈ 4ಕ್ಕೆ, ಅವರ ಸ್ವಾತಂತ್ರ್ಯ ದಿನ. ತೆರಿಗೆ ಕಟ್ಟಲ್ಲ ಅಂತ ಒಂದು ರಾತ್ರಿ ಜೈಲಿಗೆ ಹೋಗಿದ್ದು ಮರುವರ್ಷ. ಅದರ ಬಗ್ಗೆ ಬರೆದ ಪ್ರಬಂಧ 1849ರಲ್ಲಿ ಬಂತು, ಮುಂದೆ ಗಾಂಧೀಜಿ ಅದನ್ನು ದಕ್ಷಿಣ ಆಫ್ರಿಕಾದಲ್ಲಿ ಓದಿದರು.

ಅದೇ ಪುಸ್ತಕದಲ್ಲಿ ಚಳಿಗಾಲದ ಒಂದು ಅಧ್ಯಾಯ ಇದೆ. ಮಂಜುಗಡ್ಡೆಯ ವ್ಯಾಪಾರಿಗಳ ಆಳುಗಳು ಬಂದು ವಾಲ್ಡನ್ ಕೆರೆಯ ಹೆಪ್ಪುಗಟ್ಟಿದ ನೀರನ್ನು ಕೊಯ್ದು ಹೇರಿಕೊಂಡು ಹೋಗುತ್ತಾರೆ. ಮದ್ರಾಸು, ಬೊಂಬಾಯಿ, ಕಲ್ಕತ್ತೆಯ ಬೆವರುವ ಜನ ನನ್ನ ಬಾವಿಯ ನೀರು ಕುಡಿಯುತ್ತಾರೆ ಅಂತ ಥೋರೋ ಬರೆಯುತ್ತಾನೆ. ಮುಂದಿನ ಸಾಲಿನಲ್ಲೇ, ತಾನು ಬೆಳಿಗ್ಗೆ ಭಗವದ್ಗೀತೆಯಲ್ಲಿ ಬುದ್ಧಿಗೆ ಸ್ನಾನ ಮಾಡಿಸುತ್ತೇನೆ ಅನ್ನುತ್ತಾನೆ. ಬಾಸ್ಟನ್ನಿನಿಂದ ಆ ಕಾಲಕ್ಕೆ ನಿಜವಾಗಿಯೂ ಹಡಗಿನಲ್ಲಿ ಇಲ್ಲಿಗೆ ಮಂಜುಗಡ್ಡೆ ಬರುತ್ತಿತ್ತು. ಚೆನ್ನೈನ ಮರೀನಾ ಬೀಚಿನ ಎದುರು ಇರುವ ಐಸ್ ಹೌಸ್ ಕಟ್ಟಿದ್ದೇ ಅದನ್ನು ಇಡಲು. ಎಮರ್ಸನ್ನನ ‘ಬ್ರಹ್ಮ’ ಪದ್ಯ, ಎಲಿಯಟ್‌ನ 1922ರ ‘ದಿ ವೇಸ್ಟ್ ಲ್ಯಾಂಡ್’ನಲ್ಲಿ ಬರುವ ‘ದತ್ತ, ದಯಧ್ವಂ, ದಮ್ಯತ’ ಇವನ್ನೆಲ್ಲ ಸರ್ ಈ ಕೆರೆಯ ನೀರಿಗೇ ತಂದು ಸೇರಿಸಿದರು. ಕನ್ನಡದಲ್ಲಿ ಉಪನಿಷತ್ತಿನ ಕಥೆ ಕೇಳಿ ಬೆಳೆದವರಿಗೆ ಇದು ತಟ್ಟನೆ ಹತ್ತಿರವಾಗುತ್ತದೆ.

‘ಅಮೆರಿಕನ್ ರೆನೈಸಾನ್ಸ್’ ಅನ್ನೋ ಹೆಸರಿನ ಪಾಠವೂ ಗಟ್ಟಿಯಾಗಿತ್ತು. ಆ ಹೆಸರನ್ನು ಜನಪ್ರಿಯ ಮಾಡಿದ್ದು ವಿಮರ್ಶಕ ಎಫ್.ಓ. ಮ್ಯಾಥೀಸನ್ 1941ರಲ್ಲಿ ಬರೆದ ಪುಸ್ತಕ. ಐದೇ ವರ್ಷದಲ್ಲಿ, 1850ರಿಂದ 1855ರ ಒಳಗೆ, ‘ದಿ ಸ್ಕಾರ್ಲೆಟ್ ಲೆಟರ್’, ‘ಮೋಬಿ ಡಿಕ್’, ‘ವಾಲ್ಡನ್’, ‘ಲೀವ್ಸ್ ಆಫ್ ಗ್ರಾಸ್’ ಎಲ್ಲ ಬಂದವಲ್ಲ, ಅದೇ ಅವನ ವಾದದ ತಳಪಾಯ. ಆದರೆ ಆಗಿನ ಜನ ಓದಿದ್ದು ಇವನ್ನಲ್ಲ. 1852ರ ‘ಅಂಕಲ್ ಟಾಮ್ಸ್ ಕ್ಯಾಬಿನ್’ ಮೊದಲ ವರ್ಷವೇ ಅಮೆರಿಕದಲ್ಲಿ ಮೂರು ಲಕ್ಷ ಪ್ರತಿ ಹೋಯಿತು. ‘ಮೋಬಿ ಡಿಕ್’ ಮಾರಾಟವಾಗದೆ ಮೆಲ್ವಿಲ್ ನ್ಯೂಯಾರ್ಕಿನ ಕಸ್ಟಮ್ಸ್‌ನಲ್ಲಿ ಹತ್ತೊಂಬತ್ತು ವರ್ಷ ನೌಕರಿ ಮಾಡಿದ. ಮ್ಯಾಥೀಸನ್ನನ ಐದು ಮಂದಿಯ ಪಟ್ಟಿಯಲ್ಲಿ ಒಬ್ಬಳೂ ಹೆಣ್ಣಿಲ್ಲ, ಒಬ್ಬನೂ ಕರಿಯ ಲೇಖಕ ಇಲ್ಲ. ಪಟ್ಟಿ ಮಾಡುವವರು ಯಾರು ಅಂತ ಯಾವಾಗಲೂ ಕೇಳಿ ಅಂತ ಸರ್ ಹೇಳಿದ್ದನ್ನು ನಾನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಂಡಿದ್ದೇನೆ.

ರಿಯಲಿಸಂ ಪಾಠದಲ್ಲಿ ಜಗಳ ತುಂಬ ಜೋರು. ಮಾರ್ಕ್ ಟ್ವೈನ್ 1895ರಲ್ಲಿ ಹಿಂದಿನ ತಲೆಮಾರಿನ ರೊಮ್ಯಾಂಟಿಕ್ ಕಾದಂಬರಿಕಾರ ಫೆನಿಮೋರ್ ಕೂಪರ್‌ನ ಮೇಲೆ ಬರೆದ ಪ್ರಬಂಧವನ್ನು ಓದಿಸಿದರು. ಕೂಪರ್‌ನ ಒಂದು ಕಾದಂಬರಿಯಲ್ಲಿ, ಒಂದೇ ಪುಟದ ಮೂರನೇ ಎರಡು ಭಾಗದಲ್ಲಿ, ಮಾಡಬಹುದಾದ 115 ತಪ್ಪುಗಳ ಪೈಕಿ 114 ತಪ್ಪು ಆಗಿವೆ ಅಂತ ಟ್ವೈನ್ ಎಣಿಸುತ್ತಾನೆ. ಕ್ಲಾಸಿನಲ್ಲಿ ಎಲ್ಲರೂ ನಕ್ಕರು. ನಕ್ಕ ಮೇಲೆ ಸರ್, ಟ್ವೈನ್‌ನ ‘ಹಕಲ್‌ಬೆರಿ ಫಿನ್’ ಕಾದಂಬರಿಯ ಹುಡುಗ ಹಕ್‌ನ ಮಾತು ಓದಿಸಿದರು. ಅಷ್ಟಾಗಿ ಓದು ಬಾರದ ಊರಿನ ಹುಡುಗ ಮಾತಾಡುವ ಹಾಗೇ ಇಡೀ ಕಾದಂಬರಿ ಬರೆಯೋದು ಎಷ್ಟು ದೊಡ್ಡ ಧೈರ್ಯ ಅನ್ನೋದು ಆಗ ಗೊತ್ತಾಗುತ್ತದೆ. ಧಾರವಾಡದ ಮಾತಿನಲ್ಲೇ ಕವಿತೆ ಬರೆದವರ ಊರಲ್ಲಿ ಕೂತು ಇದನ್ನು ಕಲಿಯೋದು ನನಗೆ ತುಂಬ ಖುಷಿ ಕೊಟ್ಟಿತು.

ಅದಾದ ಮೇಲೆ ನ್ಯಾಚುರಲಿಸಂ. ಇಲ್ಲಿ ನಾನು ಸ್ವಲ್ಪ ನಿಲ್ಲುತ್ತೇನೆ. ಹೆಚ್ಚಿನವರು ತೊಡರಿ ಬೀಳುವುದು ಇಲ್ಲೇ. ಓದಿದ್ದು ಸ್ಟೀಫನ್ ಕ್ರೇನ್‌ನ ‘ದಿ ಓಪನ್ ಬೋಟ್’. 1897ರ ಜನವರಿಯಲ್ಲಿ ಕ್ಯೂಬಾಕ್ಕೆ ಹೊರಟಿದ್ದ ಹಡಗು ಫ್ಲೋರಿಡಾದ ಹತ್ತಿರ ಮುಳುಗಿತು. ಪತ್ರಕರ್ತನಾಗಿ ಅದರಲ್ಲಿದ್ದ ಕ್ರೇನ್, ಕ್ಯಾಪ್ಟನ್, ಅಡುಗೆಯವ ಮತ್ತು ಎಂಜಿನ್ನಿಗೆ ಎಣ್ಣೆ ಹಾಕುವ ಕೆಲಸಗಾರ, ನಾಲ್ಕು ಜನ ಒಂದು ಪುಟ್ಟ ದೋಣಿಯಲ್ಲಿ ಒಂದು ಹಗಲು ಒಂದು ರಾತ್ರಿಗಿಂತ ಹೆಚ್ಚು ಹೊತ್ತು ಇದ್ದರು. ದಡ ಕಾಣುತ್ತದೆ, ಹತ್ತಿರ ಹೋಗಲು ಅಲೆಗಳು ಬಿಡುವುದಿಲ್ಲ. ಕೊನೆಗೆ ಸತ್ತದ್ದು ಆ ಎಣ್ಣೆಯವ. ಎಲ್ಲರಿಗಿಂತ ಗಟ್ಟಿಯಾಗಿ ಹುಟ್ಟು ಹಾಕಿದವನು ಅವನೇ.

ಆ ಕಥೆಯ ಒಂದು ಭಾಗವನ್ನು ಸರ್ ಬೋರ್ಡಿನ ಮೇಲೆ ಬರೆದರು. ಅದನ್ನು ಕನ್ನಡದಲ್ಲಿ ನಾನು ಹೀಗೆ ಹೇಳುತ್ತೇನೆ: ಪ್ರಕೃತಿ ತನ್ನನ್ನು ಲೆಕ್ಕಕ್ಕೇ ಇಟ್ಟಿಲ್ಲ ಅಂತ ಹೊಳೆದಾಗ ಮನುಷ್ಯನಿಗೆ ಮೊದಲು ಗುಡಿಯ ಮೇಲೆ ಇಟ್ಟಿಗೆ ಬೀಸಬೇಕು ಅನ್ನಿಸುತ್ತದೆ, ಆಮೇಲೆ ಇಟ್ಟಿಗೆಯೂ ಇಲ್ಲ, ಗುಡಿಯೂ ಇಲ್ಲ ಅಂತ ಸಿಟ್ಟು ಬರುತ್ತದೆ. ಹಾವೇರಿ ಕಡೆಯ ಒಬ್ಬ ಹುಡುಗ ಎದ್ದು ನಿಂತ. “ಸರ್, ಇದು ನಮ್ಮ ಹೊಲದ ಕಥಿ ಆತಲ್ರಿ. ಮಳಿ ಯಾರನ್ನ ಕೇಳಿ ಬರತೈತಿ, ಯಾರನ್ನ ನೋಡಿ ಹೋಗತೈತಿ?” ಸರ್ ಹೇಳಿದರು, “ಬರೊಬ್ಬರಿ ತಮ್ಮಾ. ಆದ್ರ ಇನ್ನೊಂದು ಮಾತು ಹಿಡಕೋ. ರಿಯಲಿಸಂನಾಗ ಮನುಷ್ಯಾ ಒಂದು ನಿರ್ಧಾರ ತಗೋತಾನ, ಅದರ ಫಲ ಉಣ್ತಾನ. ಹಕ್ ತಗೊಂಡಿಲ್ಲೇನು? ಓಡಿ ಬಂದ ಗುಲಾಮ ಜಿಮ್‌ನ ಹಿಡಿದು ಕೊಡಂಗಿಲ್ಲ, ನರಕಕ್ಕ ಹೋದ್ರೂ ಹೋಗ್ತೀನಿ ಅಂತ. ಇಲ್ಲಿ ಆ ಎಣ್ಣಿ ಹಾಕಾಂವ ಏನ ತಪ್ಪ ನಿರ್ಧಾರ ತಗೊಂಡಿದ್ದ ಹೇಳು?” ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು ಕೂತ. ರಿಯಲಿಸಂಗೂ ನ್ಯಾಚುರಲಿಸಂಗೂ ಏನು ವ್ಯತ್ಯಾಸ ಅಂತ ನನ್ನನ್ನು ಇನ್ನು ಯಾರೂ ಗಲಿಬಿಲಿ ಮಾಡಲಾರರು. ನಾರಿಸ್, ಡ್ರೈಸರ್, ಜ್ಯಾಕ್ ಲಂಡನ್ ಎಲ್ಲರನ್ನೂ ಆ ಒಂದು ಪ್ರಶ್ನೆ ಕೇಳಿ ಓದಿದೆ, ಎಲ್ಲ ತಮ್ಮ ತಮ್ಮ ಜಾಗಕ್ಕೆ ಬಂದು ಕೂತರು.

ಮಾಡರ್ನಿಸಂಗೆ ಎರಡು ಭಾನುವಾರ. ಇಮೇಜಿಸಂಗೆ, ಅಂದರೆ ಕಡಿಮೆ ಪದದಲ್ಲಿ ಒಂದು ಸ್ಪಷ್ಟ ಚಿತ್ರ ಕೊಡುವ ಕವಿತೆಗೆ, ಪೌಂಡ್‌ನ ಮೆಟ್ರೋ ಸ್ಟೇಷನ್ ಪದ್ಯ, 1913ರದ್ದು. ಮೂವತ್ತು ಸಾಲು ಬರೆದು, ಹರಿದು ಹಾಕಿ, ಕೊನೆಗೆ ಎರಡು ಸಾಲಿಗೆ ತಂದ. ಜೊತೆಗೆ ವಿಲಿಯಂ ಕಾರ್ಲೋಸ್ ವಿಲಿಯಮ್ಸ್‌ನ ಕೆಂಪು ತಳ್ಳುಗಾಡಿ ಪದ್ಯ, 1923. ಇಡೀ ಪದ್ಯದಲ್ಲಿ ಹದಿನಾರೇ ಪದ. ಅವನು ನ್ಯೂಜೆರ್ಸಿಯ ಸಣ್ಣ ಊರಿನ ಮಕ್ಕಳ ಡಾಕ್ಟರ್. ನಮಗೂ ಹದಿನಾರು ಪದದಲ್ಲಿ ನಮ್ಮ ಮನೆಯಂಗಳದ ಒಂದು ವಸ್ತುವಿನ ಬಗ್ಗೆ ಬರೆಯಿರಿ ಅಂದರು. ಭಾವನೆಯ ಪದ ಒಂದೂ ಇರಬಾರದು. ಎಷ್ಟು ಕಷ್ಟ ಅಂತ ಬರೆಯಲು ಕೂತಾಗಲೇ ಗೊತ್ತಾಗಿದ್ದು. ಈ ಅಭ್ಯಾಸವನ್ನು ನಾನು ನನ್ನ ಒಂಬತ್ತನೇ ಕ್ಲಾಸಿನ ಮಕ್ಕಳಿಗೂ ಮಾಡಿಸಿದೆ. ಮಕ್ಕಳು ನಮಗಿಂತ ಚೆನ್ನಾಗಿ ಬರೆದರು.

ಆಬ್ಜೆಕ್ಟಿವ್ ಕೋರಿಲೇಟಿವ್, ನ್ಯೂ ಕ್ರಿಟಿಸಿಸಂ, ಇಂಟೆನ್ಷನಲ್ ಫ್ಯಾಲಸಿ ಅನ್ನೋ ವಿಮರ್ಶೆಯ ಪರಿಕಲ್ಪನೆಗಳಿಗೆ ಒಂದು ತಾಸು ಕೊಟ್ಟರು. ಕ್ರಮವಾಗಿ ಎಲಿಯಟ್ 1919, ರ‍್ಯಾನ್ಸಮ್ 1941, ವಿಮ್ಸ್ಯಾಟ್ ಮತ್ತು ಬಿಯರ್ಡ್ಸ್‌ಲಿ 1946. ಪರೀಕ್ಷೆಗೆ ಇಷ್ಟು ಸಾಕು.

ಈಗ ಕೊರತೆಗೆ ಬರುತ್ತೇನೆ. ಇದು ಸಣ್ಣ ದೂರಲ್ಲ.

ಮೊದಲ ಭಾನುವಾರವೇ ಪ್ಯೂರಿಟನ್ ಕಾಲ ಮುಗಿಸಿ ಸರ್ ಫಿಲಿಸ್ ವೀಟ್ಲಿ ಬಗ್ಗೆ ಹೇಳಿದ್ದರು. ಆಫ್ರಿಕಾದಿಂದ ಹಿಡಿದು ತಂದು ಬಾಸ್ಟನ್ನಿನಲ್ಲಿ ಮಾರಿದ ಹುಡುಗಿ. 1773ರಲ್ಲಿ ಅವಳ ಕವನ ಸಂಕಲನ ಲಂಡನ್ನಿನಲ್ಲಿ ಅಚ್ಚಾಯಿತು. ಪುಸ್ತಕದ ಮೊದಲಿಗೇ ಒಂದು ಪತ್ರ ಇದೆ. ಈ ಪದ್ಯಗಳನ್ನು ಇವಳೇ ಬರೆದಿದ್ದಾಳೆ ಅಂತ ಬಾಸ್ಟನ್ನಿನ ಹದಿನೆಂಟು ಜನ ದೊಡ್ಡ ಮನುಷ್ಯರು, ಗವರ್ನರ್ ಕೂಡ, ಸಹಿ ಹಾಕಿದ್ದಾರೆ. ತಾನೇ ಬರೆದದ್ದಕ್ಕೆ ಬೇರೆಯವರ ಸಾಕ್ಷಿ ಬೇಕಾಯಿತು. ಆಮೇಲೆ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಫ್ರೆಡರಿಕ್ ಡಗ್ಲಾಸ್. 1845ರ ಅವನ ಆತ್ಮಕಥೆಯ ಹೆಸರಿನಲ್ಲೇ ‘ಸ್ವತಃ ಬರೆದದ್ದು’ ಅಂತ ಇದೆ. ಆದರೂ ಮುಂದೆ ಇಬ್ಬರು ಬಿಳಿಯರ ಮುನ್ನುಡಿ, ಪತ್ರ. ಈ ಎಳೆಯನ್ನು ಸರ್ ಹಿಡಿದು ತೋರಿಸಿದ ರೀತಿ ನನ್ನ ಮೈ ನವಿರೇಳಿಸಿತು. ಅಕ್ಷರ ಕಲಿಯುವ ಹಕ್ಕಿಗೇ ಹೊಡೆದಾಡಿದ ಮನೆತನಗಳಿಂದ ಬಂದ ಮಕ್ಕಳು ನಮ್ಮ ಕ್ಲಾಸಿನಲ್ಲಿದ್ದರು. ಅವರ ಮುಖ ನಾನು ನೋಡಿದೆ.

ಹಾಗಾಗಿ ಹಾರ್ಲೆಮ್ ರೆನೈಸಾನ್ಸ್, ಅಂದರೆ 1920ರ ದಶಕದಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಶುರುವಾದ ಕರಿಯ ಲೇಖಕರ ಚಳವಳಿ, ಬರುವ ಭಾನುವಾರಕ್ಕಾಗಿ ಕಾಯುತ್ತಿದ್ದೆ. ಅದನ್ನು ಲಾಸ್ಟ್ ಜನರೇಷನ್ (ಮೊದಲ ಮಹಾಯುದ್ಧದ ನಂತರದ ಬರಹಗಾರರ ತಲೆಮಾರು) ಜೊತೆ ಸೇರಿಸಿ ಒಂದೇ ದಿನಕ್ಕೆ ಇಟ್ಟಿದ್ದರು. ಹೆಮಿಂಗ್‌ವೇ, ಫಿಟ್ಜ್‌ಜೆರಾಲ್ಡ್, ಸ್ಟೈನ್ ಮುಗಿಯುವಾಗ ಹನ್ನೆರಡೂವರೆ ದಾಟಿತ್ತು. ಉಳಿದ ಒಂದು ತಾಸಿನಲ್ಲಿ ಅಲೇನ್ ಲಾಕ್‌ನ 1925ರ ‘ದಿ ನ್ಯೂ ನೀಗ್ರೋ’, ಕ್ಲಾಡ್ ಮೆಕ್‌ಕೇ, ಲ್ಯಾಂಗ್‌ಸ್ಟನ್ ಹ್ಯೂಸ್, ಜೋರಾ ನೀಲ್ ಹರ್ಸ್‌ಟನ್. ಒಂದು ಪುಟವನ್ನೂ ಓದಿಸಲಿಲ್ಲ. ಹತ್ತು ವಾರದಲ್ಲಿ ಪುಟ ಇಲ್ಲದೆ ಪಾಠ ಮಾಡಿದ್ದು ಆವತ್ತೇ.

ಓದಿಸಲು ಎಂಥ ಪುಟ ಇತ್ತು! ಹ್ಯೂಸ್ 1926ರಲ್ಲಿ ಬರೆದ ಪ್ರಬಂಧ ಶುರುವಾಗುವುದೇ ಒಬ್ಬ ಯುವ ಕರಿಯ ಕವಿಯ ಮಾತಿನಿಂದ. ನನಗೆ ನೀಗ್ರೋ ಕವಿ ಅನ್ನಿಸಿಕೊಳ್ಳುವುದು ಬೇಡ, ಬರೀ ಕವಿ ಆಗಬೇಕು ಅನ್ನುತ್ತಾನೆ ಅವನು. ಅಂದರೆ ಒಳಗೊಳಗೇ ಬಿಳಿಯನಾಗಬೇಕು ಅನ್ನೋ ಆಸೆ ಅಂತ ಹ್ಯೂಸ್ ಉತ್ತರ ಕೊಡುತ್ತಾನೆ. ಈ ಪ್ರಶ್ನೆ ನಮ್ಮಲ್ಲಿ ದಲಿತ-ಬಂಡಾಯ ಕಾಲದಿಂದ ಇವತ್ತಿನವರೆಗೂ ಇದೆ. ದಲಿತ ಕವಿ ಅನ್ನಬೇಕಾ, ಕವಿ ಅಂದರೆ ಸಾಕಾ? ಕ್ಲಾಸಿನಲ್ಲಿ ಒಬ್ಬ ಹುಡುಗ ಇದನ್ನೇ ಕೇಳಿದ. ಸರ್‌ಗೂ ಮಾತಾಡುವ ಆಸೆ ಇತ್ತು, ಗಡಿಯಾರ ನೋಡಿದರು. “ಇದನ್ನ ಮುಂದಿನ ವಾರ ತಗೊಳ್ಳೋಣು” ಅಂದರು. ಮುಂದಿನ ವಾರ ಬೇರೆ ವಿಷಯ ಕಾದಿತ್ತು.

ಹರ್ಸ್‌ಟನ್ ಬಗ್ಗೆ ಎರಡೇ ವಾಕ್ಯ. 1937ರಲ್ಲಿ ಅಷ್ಟು ದೊಡ್ಡ ಕಾದಂಬರಿ ಬರೆದವಳು 1960ರಲ್ಲಿ ಬಡತನದಲ್ಲಿ ಸತ್ತಳು. ಸಮಾಧಿಗೆ ಕಲ್ಲೂ ಇರಲಿಲ್ಲ. 1973ರಲ್ಲಿ ಆಲಿಸ್ ವಾಕರ್ ಹುಡುಕಿಕೊಂಡು ಹೋಗಿ ಕಲ್ಲು ಹಾಕಿಸಿದಳು, 1975ರಲ್ಲಿ ಅದರ ಬಗ್ಗೆ ಬರೆದಳು. ಆಮೇಲೆ ಹರ್ಸ್‌ಟನ್ ಮತ್ತೆ ಅಚ್ಚಿಗೆ ಬಂದಳು, ಪಠ್ಯಕ್ಕೆ ಬಂದಳು. ಪಟ್ಟಿ ಮಾಡುವವರು ಯಾರು ಅಂತ ಕೇಳಿ ಎಂದು ಕಲಿಸಿದ ಕ್ಲಾಸಿಗೆ ಇದಕ್ಕಿಂತ ಒಳ್ಳೆ ಉದಾಹರಣೆ ಬೇಕಾ? ವೀಟ್ಲಿಗೆ ಹದಿನೆಂಟು ಜನ ಗಂಡಸರ ಸಹಿ ಬೇಕಾಗಿತ್ತು. ಹರ್ಸ್‌ಟನ್‌ಗೆ ಇನ್ನೂರು ವರ್ಷದ ನಂತರ ಸಾಕ್ಷಿ ಹೇಳಲು ಬಂದಿದ್ದು ಅವಳಂಥದ್ದೇ ಇನ್ನೊಬ್ಬ ಬರಹಗಾರ್ತಿ. ಅಲ್ಲಿಂದ ಟೋನಿ ಮಾರಿಸನ್‌ಗೆ ನೇರ ದಾರಿ: 1987ರ ‘ಬಿಲವ್ಡ್’, 1993ರ ನೊಬೆಲ್. ಸರ್ ತಾವೇ ಹಿಡಿದ ಎಳೆ ಇದು. ಅದನ್ನು ಕೊನೆವರೆಗೆ ತರಲು ಒಂದು ಪೂರ್ತಿ ಭಾನುವಾರ ಬೇಕು. ಲಾಸ್ಟ್ ಜನರೇಷನ್‌ಗೆ ಒಂದು ತಾಸು ಕಡಿಮೆ ಮಾಡಿದರೆ ಯಾರಿಗೂ ನಷ್ಟ ಇಲ್ಲ. ಹೆಮಿಂಗ್‌ವೇಯನ್ನು ನಾವು ಎಲ್ಲಾದರೂ ಓದಿಯೇ ಓದುತ್ತೇವೆ.

ಇದೇ ಅವಸರ ಕೊನೆಯ ಎರಡು ವಾರದಲ್ಲೂ ಇತ್ತು. ಬೀಟ್ ಕವಿಗಳ ಪಾಠ ಪರವಾಗಿಲ್ಲ. 1955ರ ಅಕ್ಟೋಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಗಿನ್ಸ್‌ಬರ್ಗ್ ‘ಹೌಲ್’ ಓದಿದ್ದು, ಅದು ಅಶ್ಲೀಲ ಅಂತ ನಡೆದ 1957ರ ಕೋರ್ಟ್ ಕೇಸು, ಇವು ಚೆನ್ನಾಗಿ ಬಂದವು. ತಮ್ಮದೇ ಖಾಸಗಿ ಬದುಕನ್ನು ಬಿಚ್ಚಿಟ್ಟು ಬರೆದ ಕನ್ಫೆಷನಲ್ ಕವಿಗಳಲ್ಲಿ ಲೋವೆಲ್, ಪ್ಲಾತ್, ಸೆಕ್ಸ್‌ಟನ್ ಬಂದರು. ಪ್ಲಾತ್ ಮತ್ತು ಸೆಕ್ಸ್‌ಟನ್ ಇಬ್ಬರೂ ಬಾಸ್ಟನ್ನಿನಲ್ಲಿ ಲೋವೆಲ್‌ನ ಕ್ಲಾಸಿನಲ್ಲಿ ಕೂತವರು ಅನ್ನೋದು ನನಗೆ ಹೊಸದು. ಆದರೆ ಪೋಸ್ಟ್‌ಮಾಡರ್ನಿಸಂ ಅರ್ಧ ತಾಸು. ಮೂಲನಿವಾಸಿ ಲೇಖಕರು, ಏಷಿಯನ್ ಅಮೆರಿಕನ್, ಚಿಕಾನೋ (ಮೆಕ್ಸಿಕನ್ ಮೂಲದ ಅಮೆರಿಕನ್) ಬರಹಗಾರರು ಎಲ್ಲ ಒಂದು ಝೆರಾಕ್ಸ್ ಹಾಳೆಯಲ್ಲಿ. ಮೊಮಡೇಯ ‘ಹೌಸ್ ಮೇಡ್ ಆಫ್ ಡಾನ್’ 1968ರಲ್ಲಿ ಬಂತು, ಮರುವರ್ಷ ಪುಲಿಟ್ಜರ್ ಸಿಕ್ಕಿತು ಅಂತ ಒಂದು ಸಾಲು. ಈಗಿನ ಪ್ರಶ್ನೆಪತ್ರಿಕೆ ನೋಡಿದವರಿಗೆ ಗೊತ್ತು, ಇಷ್ಟು ಸಾಲದು.

ಝೆರಾಕ್ಸ್ ಗುಣಮಟ್ಟವೂ ಸುಧಾರಿಸಬೇಕು. ವಾರಕ್ಕೆ ನಾಲ್ಕೈದು ಹಾಳೆ ಸ್ಟೇಪಲ್ ಮಾಡಿ ಕೊಡುತ್ತಾರೆ. ಹಳೇ ಪುಸ್ತಕದಿಂದ ತೆಗೆದ ಪ್ರತಿ, ಒಳ ಅಂಚಿನ ಅಕ್ಷರಗಳು ಕಪ್ಪಾಗಿ ಹೋಗಿವೆ. ಡಿಕಿನ್ಸನ್ ಪದ್ಯದಲ್ಲಿ ಅವಳ ಅಡ್ಡಗೆರೆಗಳು ಎಲ್ಲಿವೆ ಅನ್ನೋದೇ ಮುಖ್ಯ. ಅವಳು ಬದುಕಿದ್ದಾಗ ಅಚ್ಚಾಗಿದ್ದು ಹತ್ತರಷ್ಟು ಪದ್ಯ ಮಾತ್ರ, ಅದರಲ್ಲೂ ಸಂಪಾದಕರು ಗೆರೆ ತೆಗೆದು ಮಾಮೂಲಿ ವಿರಾಮ ಚಿಹ್ನೆ ಹಾಕಿದ್ದರು. ನಮ್ಮ ಪ್ರತಿಯಲ್ಲಿ ಗೆರೆ ಯಾವುದು, ಝೆರಾಕ್ಸ್ ಕಲೆ ಯಾವುದು ಅಂತ ಗೊತ್ತಾಗಲಿಲ್ಲ. ಈ ಹಳೆಯ ಬರಹಗಳಿಗೆ ಹಕ್ಕುಸ್ವಾಮ್ಯ ಮುಗಿದಿದೆ, ಟೈಪ್ ಮಾಡಿಸಿ ಕೊಟ್ಟರೆ ಆಯಿತು. ಇನ್ನೊಂದು ನೂರು ರೂಪಾಯಿ ಜಾಸ್ತಿ ತಗೊಂಡರೂ ಯಾರೂ ಬೇಡ ಅನ್ನುವುದಿಲ್ಲ.

ಮಾದರಿ ಪರೀಕ್ಷೆಗಳ ಬಗ್ಗೆ ಮಾತ್ರ ಹೊಗಳಿಕೆ ಬಿಟ್ಟರೆ ಬೇರೇನಿಲ್ಲ. ಐದನೇ ಮತ್ತು ಹತ್ತನೇ ವಾರ ಐವತ್ತೈವತ್ತು ಪ್ರಶ್ನೆ. ಸರಿ ಉತ್ತರ ಹೇಳಿ ಮುಂದೆ ಹೋಗುವುದಿಲ್ಲ. ಉಳಿದ ಮೂರು ಆಯ್ಕೆ ಯಾಕೆ ತಪ್ಪು, ಅವನ್ನು ಸರಿ ಮಾಡಬೇಕಾದರೆ ಪ್ರಶ್ನೆ ಹೇಗಿರಬೇಕು ಅಂತ ಹೇಳುತ್ತಾರೆ. ಒಂದು ಪ್ರಶ್ನೆಯಿಂದ ನಾಲ್ಕು ಪ್ರಶ್ನೆ ಕಲಿತ ಹಾಗೆ.

ಯಾರಿಗೆ ಸರಿ ಈ ಕ್ಲಾಸ್? ಎಂ.ಎ. ಎರಡನೇ ವರ್ಷದವರಿಗೆ, ಕೆ-ಸೆಟ್, ನೆಟ್ ಬರೆಯುವವರಿಗೆ, ಡಿಗ್ರಿ ಕಾಲೇಜಿನಲ್ಲಿ ಈ ಪೇಪರ್ ಕಲಿಸುವ ಗೆಸ್ಟ್ ಲೆಕ್ಚರರ್‌ಗಳಿಗೆ. ಕನ್ನಡ ಮೀಡಿಯಂನವರು ಹೆದರಬೇಡಿ. ಸರ್ ಇಂಗ್ಲಿಷ್ ಪುಟ ಓದಿ ಕನ್ನಡದಲ್ಲಿ ಮಾತಾಡುತ್ತಾರೆ, ಪ್ರಶ್ನೆ ಯಾವ ಭಾಷೆಯಲ್ಲಿ ಕೇಳಿದರೂ ನಡೆಯುತ್ತದೆ. ಪರೀಕ್ಷೆಗೆ ಒಂದೇ ತಿಂಗಳು ಉಳಿದಿದ್ದರೆ ಬೇಡ. ಇದು ಓದಿಸುವ ಕ್ಲಾಸ್, ಸಮಯ ತಗೊಳ್ಳುತ್ತದೆ. ಸೇರುವ ಮುಂಚೆ ‘ದಿ ಓಪನ್ ಬೋಟ್’ ಮತ್ತು ಡಗ್ಲಾಸ್ ಆತ್ಮಕಥೆ ಓದಿಕೊಂಡು ಹೋಗಿ. ಎರಡೂ ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಸಿಗುತ್ತವೆ.

ಕೊನೆಯ ದಿನ ಎಲ್ಲರೂ ಹೋದ ಮೇಲೆ ಹಾರ್ಲೆಮ್ ವಿಷಯ ಸರ್‌ಗೆ ನೇರವಾಗಿ ಹೇಳಿದೆ. “ಹೌದ್ರೀ ಮೇಡಮ್ಮರ, ನನಗೂ ಅದು ಚುಚ್ಚಾಕತ್ತೈತಿ” ಅಂದರು. ಮುಂದಿನ ಬ್ಯಾಚಿಗೆ ಹನ್ನೊಂದು ಭಾನುವಾರ ಮಾಡುವ ವಿಚಾರ ಇದೆಯಂತೆ, ಫೀ ಅಷ್ಟೇ ಇರುತ್ತದಂತೆ. ದೀಪಾವಳಿ ಕಳೆದ ಮೇಲೆ ಶುರು. ಸೇರಲು ಹೋದಾಗ ಹ್ಯೂಸ್‌ನ 1926ರ ಪ್ರಬಂಧ ಓದಿಸುತ್ತೀರಾ ಅಂತ ನೀವೂ ಒಂದು ಮಾತು ಕೇಳಿ. ನಾಲ್ಕು ಜನ ಕೇಳಿದರೆ ಅದು ಪಾಠದ ಪಟ್ಟಿಗೆ ಬಂದೇ ಬರುತ್ತದೆ.